ಸೂಕ್ಷ್ಮಾಣುಗಳ ಲೆಕ್ಕ ಬಲ್ಲವರು ನಮ್ಮಲ್ಲೂ ಬೇಕು

ದ್ವಿತೀಯ ಪಿಯುಸಿ ಫಲಿತಾಂಶವೂ ನೀಟ್ ಅಂಕಗಳೂ ಹೊರಬಿದ್ದ ವಾರಗಳಲ್ಲಿ ನಮ್ಮ ಮನೆಗಳಲ್ಲಿ ಒಂದೇ ಬಗೆಯ ಮಾತುಕತೆ ನಡೆಯುತ್ತದೆ. ವೈದ್ಯಕೀಯ ಸೀಟು ಸಿಕ್ಕಿದರೆ ಸಿಹಿ ಹಂಚಿಕೆ, ಸಿಗದಿದ್ದರೆ ಮೌನ. ಆ ಮೌನದ ನಂತರ ಬರುವ ನಿರ್ಧಾರವು ಬಹುಪಾಲು ಅವಸರದ್ದೇ ಆಗಿರುತ್ತದೆ. ಹೇಗೂ ಜೀವಶಾಸ್ತ್ರ ಓದಿದ್ದಾಳೆ, ಹತ್ತಿರದ ಕಾಲೇಜಿನಲ್ಲಿ ಯಾವುದಾದರೊಂದು ಬಿ.ಎಸ್ಸಿ.ಗೆ ಸೇರಿಸೋಣ, ಇನ್ನು ಗಣಿತದ ತಲೆನೋವು ಬೇಡ ಎಂದು ಹಿರಿಯರು ತೀರ್ಮಾನಿಸುತ್ತಾರೆ. ಜೀವಶಾಸ್ತ್ರವೆಂದರೆ ಹೆಸರುಗಳನ್ನೂ ಚಿತ್ರಗಳನ್ನೂ ನೆನಪಿಟ್ಟುಕೊಳ್ಳುವ ವಿದ್ಯೆ, ಗಣಿತವೆಂದರೆ ಇಂಜಿನಿಯರಿಂಗ್‌ನವರ ಪಾಡು ಎಂಬ ವಿಭಜನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಈ ವಿಭಜನೆಯೇ ತಪ್ಪೆಂಬುದು ನಮ್ಮ ಅಭಿಪ್ರಾಯ. ಅದನ್ನು ಸೂಕ್ಷ್ಮಾಣು ಜೈವಿಕ ತಂತ್ರಜ್ಞಾನವೆಂಬ ಒಂದು ವಿದ್ಯಾಶಾಖೆಯನ್ನು ಮುಂದಿಟ್ಟುಕೊಂಡು ವಿವರಿಸಲು ಇಲ್ಲಿ ಪ್ರಯತ್ನಿಸುತ್ತೇವೆ.

ನಾವು ವಿಜ್ಞಾನಿಗಳಲ್ಲ. ಮದ್ರಸಾದಲ್ಲಿ ಕಿತಾಬುಗಳನ್ನೂ ಕಾಲೇಜಿನಲ್ಲಿ ಕನ್ನಡವನ್ನೂ ಓದಿದವರು. ಆದರೂ ಈ ವಿಷಯದೆಡೆಗೆ ನಮ್ಮನ್ನು ಎಳೆತಂದದ್ದು ಜನರು ನಮ್ಮ ಬಳಿ ತರುವ ಪ್ರಶ್ನೆಗಳೇ. ಚೀಸ್ ಪೊಟ್ಟಣದ ಮೇಲೆ ‘ಮೈಕ್ರೋಬಿಯಲ್ ರೆನ್ನೆಟ್’ ಎಂದಿದೆ, ತಿನ್ನಬಹುದೇ? ತಂದೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ ಎಲ್ಲಿಂದ ಬರುತ್ತದೆ? ವಿನೆಗರ್‌ನಲ್ಲಿ ಮದ್ಯದ ಅಂಶ ಉಳಿದಿರುತ್ತದೆಯೇ? ಇಪ್ಪತ್ತು ವರ್ಷಗಳ ಹಿಂದೆ ಇಂತಹ ಪ್ರಶ್ನೆಗಳು ಅಪರೂಪವಾಗಿದ್ದವು. ಈಗ ವಾರಕ್ಕೊಂದಾದರೂ ಬರುತ್ತದೆ, ಅದರ ಜೊತೆಗೆ ಎಲ್ಲಿಂದಲೋ ಹರಿದುಬಂದ ವಾಟ್ಸ್ಆ್ಯಪ್ ಸಂದೇಶವೂ ಬರುತ್ತದೆ. ಇವುಗಳಲ್ಲಿ ಬಹುಪಾಲು ಪ್ರಶ್ನೆಗಳು ಕೊನೆಗೆ ಬಂದು ನಿಲ್ಲುವುದು ಕಣ್ಣಿಗೆ ಕಾಣದ ಯೀಸ್ಟ್, ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳ ಬಳಿ, ಮತ್ತು ‘ಎಷ್ಟು’ ಎಂಬ ಪದದ ಬಳಿ.

ಇನ್ಸುಲಿನ್ ವಿಷಯವನ್ನೇ ತೆಗೆದುಕೊಳ್ಳೋಣ. 1921-22ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್ ಮತ್ತು ಅವರ ಸಂಗಡಿಗರು ಇದನ್ನು ಬೇರ್ಪಡಿಸಿದ ನಂತರ ಸುಮಾರು ಆರು ದಶಕಗಳ ಕಾಲ ಲೋಕಕ್ಕೆ ಇನ್ಸುಲಿನ್ ಒದಗಿದ್ದು ಹಸು ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ. ಎರಡು ಟನ್‌ಗೂ ಹೆಚ್ಚು ಹಂದಿಯ ಅಂಗಭಾಗಗಳಿಂದ ದೊರೆಯುತ್ತಿದ್ದ ಶುದ್ಧ ಇನ್ಸುಲಿನ್ ಸುಮಾರು 227 ಗ್ರಾಂ. ಇನ್ನು ಬಳಕೆಯ ಲೆಕ್ಕ ನೋಡಿ. ಒಂದು ಯೂನಿಟ್ ಇನ್ಸುಲಿನ್ ಎಂದರೆ ಸುಮಾರು 0.035 ಮಿಲಿಗ್ರಾಂ. ದಿನಕ್ಕೆ 40 ಯೂನಿಟ್ ಬೇಕಾದ ರೋಗಿಗೆ ವರ್ಷಕ್ಕೆ ಬೇಕಾದದ್ದು ಸುಮಾರು ಅರ್ಧ ಗ್ರಾಂ. ಅಂದರೆ ಎರಡು ಟನ್ ಅಂಗಭಾಗಗಳಿಂದ ವರ್ಷವೊಂದಕ್ಕೆ ಬದುಕುತ್ತಿದ್ದವರು ಹೆಚ್ಚುಕಡಿಮೆ 450 ಮಂದಿ. ನಮ್ಮ ಹಿರಿಯರು ಆಗ ‘ಝರೂರತ್’ ಅಂದರೆ ಅನಿವಾರ್ಯತೆಯ ನಿಯಮದಡಿ ಇದಕ್ಕೆ ಅನುಮತಿ ಹೇಳುತ್ತಿದ್ದರು. ರೋಗಿಯು ಮನಸ್ಸಿನಲ್ಲಿ ಅಳುಕಿಟ್ಟುಕೊಂಡೇ ಚುಚ್ಚಿಕೊಳ್ಳುತ್ತಿದ್ದ.

1978ರಲ್ಲಿ ಅಮೆರಿಕದ ಜೆನೆನ್‌ಟೆಕ್ ಕಂಪೆನಿಯ ವಿಜ್ಞಾನಿಗಳು ಮನುಷ್ಯನ ಇನ್ಸುಲಿನ್ ತಯಾರಿಸುವ ಸೂಚನೆಯನ್ನು ಇ. ಕೋಲಿ ಎಂಬ ಬ್ಯಾಕ್ಟೀರಿಯಾದೊಳಗೆ ಸೇರಿಸಿ ಅದರಿಂದಲೇ ಇನ್ಸುಲಿನ್ ಪಡೆದರು. 1982ರಲ್ಲಿ ಅದು ಅಲ್ಲಿನ ಔಷಧ ನಿಯಂತ್ರಣ ಇಲಾಖೆಯ ಒಪ್ಪಿಗೆ ಪಡೆದು ಮಾರುಕಟ್ಟೆಗೆ ಬಂತು. ನಮ್ಮದೇ ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಬಿಡುಗಡೆ ಮಾಡಿದ ಮಾನವ ಇನ್ಸುಲಿನ್ ತಯಾರಾಗುವುದು ಪಿಕಿಯಾ ಎಂಬ ಒಂದು ಜಾತಿಯ ಯೀಸ್ಟ್‌ನಿಂದ. ಇದರಿಂದ ಒಂದು ಧಾರ್ಮಿಕ ಸಂಕಟವು ಫತ್ವಾದಿಂದಲ್ಲ, ಪ್ರಯೋಗಶಾಲೆಯ ದುಡಿಮೆಯಿಂದ ಸಡಿಲವಾಯಿತು. ಆ ದುಡಿಮೆಯಲ್ಲಿ ನಮ್ಮ ಪಾಲೆಷ್ಟು ಎಂದು ಕೇಳಿಕೊಳ್ಳುವುದು ಕಹಿಯಾದರೂ ನ್ಯಾಯವೇ.

ಈಗ ಮುಖ್ಯ ಮಾತಿಗೆ ಬರೋಣ. ಯೀಸ್ಟ್‌ಗೆ ಇನ್ಸುಲಿನ್ ಮಾಡಲು ಕಲಿಸಿದರೆ ಕೆಲಸ ಮುಗಿಯಿತೆಂದು ಹೊರಗಿನವರು ಭಾವಿಸುತ್ತಾರೆ. ಕಷ್ಟ ಆರಂಭವಾಗುವುದೇ ಅಲ್ಲಿಂದ. ಗಾಜಿನ ಕುಡಿಕೆಯಲ್ಲಿ ಬೆಳೆದದ್ದನ್ನು ಸಾವಿರಾರು ಲೀಟರಿನ ತೊಟ್ಟಿಯಲ್ಲಿ ಬೆಳೆಸಬೇಕು. ನಮ್ಮ ಮದುವೆಯ ಮನೆಗಳ ಬಾಣಸಿಗರಿಗೆ ಇದರ ಮರ್ಮ ಗೊತ್ತು. ಒಂದು ಸೇರು ಅಕ್ಕಿಯ ಬಿರಿಯಾನಿಗೆ ಹಾಕುವ ನೀರು, ಬೆಂಕಿ, ದಮ್ಮಿನ ಹೊತ್ತು ಎಲ್ಲವನ್ನೂ ನೂರರಿಂದ ಗುಣಿಸಿದರೆ ದೇಗ್ ಹಾಳಾಗುತ್ತದೆಯೇ ಹೊರತು ಬಿರಿಯಾನಿಯಾಗುವುದಿಲ್ಲ. ಪಾತ್ರೆಯ ಎತ್ತರ-ಅಗಲಗಳನ್ನು ಎರಡು ಪಟ್ಟು ಮಾಡಿದರೆ ಅದರ ಒಳಗಿನ ಗಾತ್ರ ಎಂಟು ಪಟ್ಟಾಗುತ್ತದೆ, ಹೊರಮೈ ಮಾತ್ರ ನಾಲ್ಕೇ ಪಟ್ಟಾಗುತ್ತದೆ. ಬೆಳೆಯುತ್ತಿರುವ ಸೂಕ್ಷ್ಮಾಣುಗಳು ಬಿಸಿ ಹೊರಸೂಸುತ್ತವೆ. ಆ ಬಿಸಿ ಹೊರಹೋಗಬೇಕಾದ ಮೈ ಗಾತ್ರಕ್ಕೆ ಹೋಲಿಸಿದರೆ ಕಿರಿದಾಗುತ್ತಾ ಹೋಗುತ್ತದೆ. ಆದುದರಿಂದ ದೊಡ್ಡ ತೊಟ್ಟಿಯಲ್ಲಿ ತಂಪುನೀರಿನ ಕೊಳವೆಗಳನ್ನು ಸುತ್ತಬೇಕಾಗುತ್ತದೆ, ಎಷ್ಟು ಸುತ್ತಬೇಕೆಂದು ಲೆಕ್ಕ ಹಾಕಬೇಕಾಗುತ್ತದೆ.

ಉಸಿರಾಟದ ಸಮಸ್ಯೆಯಂತೂ ಇನ್ನೂ ಬಿಕ್ಕಟ್ಟಿನದು. ಸಕ್ಕರೆ ನೀರಿನಲ್ಲಿ ಬೇಕಾದಷ್ಟು ಕರಗುತ್ತದೆ, ಆಮ್ಲಜನಕ ಕರಗುವುದಿಲ್ಲ. ನಮ್ಮ ಊರುಗಳ ಸಾಮಾನ್ಯ ಉಷ್ಣಾಂಶದಲ್ಲಿ ಗಾಳಿಗೆ ತೆರೆದಿಟ್ಟ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ 7-8 ಮಿಲಿಗ್ರಾಂ ಮಾತ್ರ. ದಟ್ಟವಾಗಿ ಬೆಳೆದ ಸೂಕ್ಷ್ಮಾಣುಗಳು ಅಷ್ಟನ್ನು ಕೆಲವೇ ಸೆಕೆಂಡುಗಳಲ್ಲಿ ಉಸಿರಾಡಿ ಮುಗಿಸಿಬಿಡುತ್ತವೆ. ಆದ್ದರಿಂದ ತೊಟ್ಟಿಗೆ ಗಾಳಿಯನ್ನು ಎಷ್ಟು ವೇಗದಲ್ಲಿ ಊದಬೇಕು, ಗುಳ್ಳೆಗಳು ಎಷ್ಟು ಚಿಕ್ಕದಿರಬೇಕು, ಒಳಗಿನ ಕಡೆಗೋಲು ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು ಎಂಬುದೆಲ್ಲ ಸಮೀಕರಣಗಳ ವಿಷಯವಾಗುತ್ತದೆ. ಪಿಕಿಯಾ ಯೀಸ್ಟ್‌ಗೆ ಹಲವು ಕಡೆ ಮೆಥನಾಲ್ ಉಣಿಸುತ್ತಾರೆ. ಅದು ಕಡಿಮೆಯಾದರೆ ಬೇಕಾದ ಪ್ರೊಟೀನ್ ತಯಾರಾಗುವುದಿಲ್ಲ, ಹೆಚ್ಚಾದರೆ ಯೀಸ್ಟ್‌ಗೇ ವಿಷ. ಎರಡರ ನಡುವಣ ಕಿರಿದಾದ ದಾರಿಯಲ್ಲಿ ದಿನಗಟ್ಟಲೆ ನಡೆಸಿಕೊಂಡು ಹೋಗುವವನು ಗಣಿತ ಬಲ್ಲವನೇ ಆಗಿರಬೇಕು.

ವಿಶ್ವವಿದ್ಯಾನಿಲಯಗಳಲ್ಲಿ ‘ಪರಿಮಾಣಾತ್ಮಕ’ ಎಂಬ ವಿಶೇಷಣವನ್ನು ಹಚ್ಚಿ ಈ ವಿದ್ಯೆಯನ್ನು ಕಲಿಸುವುದು ಇದಕ್ಕಾಗಿಯೇ. ಅಲ್ಲಿನ ಮೊದಲ ಪಾಠ ಬೆಳವಣಿಗೆಯ ಲೆಕ್ಕ. ಅನುಕೂಲ ಸ್ಥಿತಿಯಲ್ಲಿ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಒಂದು ಕೋಶದಿಂದ ಆರಂಭಿಸಿದರೆ ಹತ್ತು ಗಂಟೆಗಳಲ್ಲಿ ಅದು 107 ಕೋಟಿಯನ್ನು ದಾಟುತ್ತದೆ. ಇದೇ ವೇಗ ಒಂದು ಹಗಲು ಒಂದು ರಾತ್ರಿ ಮುಂದುವರಿದರೆ ಅವುಗಳ ಒಟ್ಟು ತೂಕ ಸಾವಿರಾರು ಟನ್‌ಗಳಾಗಬೇಕಿತ್ತು. ಹಾಗೆ ಆಗುವುದಿಲ್ಲ, ಏಕೆಂದರೆ ಆಹಾರ ಮುಗಿಯುತ್ತದೆ. ಆಹಾರದ ಪ್ರಮಾಣಕ್ಕೂ ಬೆಳವಣಿಗೆಯ ವೇಗಕ್ಕೂ ಇರುವ ಸಂಬಂಧವನ್ನು ಒಂದು ಸರಳ ಸಮೀಕರಣದಲ್ಲಿ ಹಿಡಿದವರು ಫ್ರಾನ್ಸಿನ ಜಾಕ್ ಮೊನೊ. ಇಂದಿಗೂ ಈ ವಿಷಯದ ವಿದ್ಯಾರ್ಥಿಗಳು ಮೊತ್ತಮೊದಲು ಕಲಿಯುವ ಸಮೀಕರಣಗಳಲ್ಲಿ ಅದೊಂದು.

ಮೊನೊ ಅವರ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದಿರಲಾಗುವುದಿಲ್ಲ. ಎರಡನೆಯ ಮಹಾಯುದ್ಧದ ನಡುವೆ, ಜರ್ಮನರ ವಶದಲ್ಲಿದ್ದ ಪ್ಯಾರಿಸ್‌ನಲ್ಲಿ ಕುಳಿತು ಅವರು ಬ್ಯಾಕ್ಟೀರಿಯಾಗಳಿಗೆ ಎರಡು ಬಗೆಯ ಸಕ್ಕರೆಗಳನ್ನು ಒಟ್ಟಿಗೆ ಕೊಟ್ಟು ಅವುಗಳ ಬೆಳವಣಿಗೆಯನ್ನು ಮತ್ತೆ ಮತ್ತೆ ಅಳೆದು ಗ್ರಾಫ್ ಬರೆದರು. ಗೆರೆ ಏರಿತು, ಸ್ವಲ್ಪ ಹೊತ್ತು ಸಮನಾಗಿ ನಿಂತಿತು, ಮತ್ತೆ ಏರಿತು. ಮೊದಲ ಸಕ್ಕರೆ ತಿಂದು ಮುಗಿಸಿ, ಎರಡನೆಯದನ್ನು ಜೀರ್ಣಿಸುವ ಕಿಣ್ವಗಳನ್ನು ಸಿದ್ಧಪಡಿಸಿಕೊಳ್ಳಲು ಅವು ತೆಗೆದುಕೊಂಡ ವಿರಾಮ ಅದು. ಸೂಕ್ಷ್ಮದರ್ಶಕದಲ್ಲಿ ಎಷ್ಟು ಹೊತ್ತು ಇಣುಕಿದರೂ ಆ ವಿರಾಮ ಕಾಣುತ್ತಿರಲಿಲ್ಲ, ಅಳೆದಿದ್ದರಿಂದ ಕಂಡಿತು. ಜೀವಕೋಶವು ತನ್ನ ವಂಶವಾಹಿಗಳನ್ನು ಯಾವಾಗ ಬಳಸಬೇಕು, ಯಾವಾಗ ಮುಚ್ಚಿಡಬೇಕು ಎಂದು ಹೇಗೆ ನಿರ್ಧರಿಸುತ್ತದೆಂಬ ಮಹತ್ತರ ತಿಳಿವಳಿಕೆ ಈ ಸಣ್ಣ ಸಮತಟ್ಟಿನಿಂದಲೇ ಹುಟ್ಟಿತು. ಅದಕ್ಕಾಗಿ 1965ರಲ್ಲಿ ಅವರು ತಮ್ಮ ಇಬ್ಬರು ಸಹೋದ್ಯೋಗಿಗಳೊಂದಿಗೆ ನೊಬೆಲ್ ಪಡೆದರು.

ಪ್ರಮಾಣವು ಸಾವು-ಬದುಕಿನ ಪ್ರಶ್ನೆಯಾಗುವುದನ್ನು ಪೆನಿಸಿಲಿನ್ ಚರಿತ್ರೆಯಲ್ಲಿ ನೋಡಬಹುದು. ಫ್ಲೆಮಿಂಗ್ ಅದನ್ನು 1928ರಲ್ಲಿ ಗುರುತಿಸಿದರೆಂಬುದನ್ನು ಶಾಲಾ ಮಕ್ಕಳೂ ಬಲ್ಲರು. ಆದರೆ 1941ರ ಆರಂಭದಲ್ಲಿ ಆಕ್ಸ್‌ಫರ್ಡಿನಲ್ಲಿ ಸೋಂಕಿನಿಂದ ನರಳುತ್ತಿದ್ದ ಒಬ್ಬ ಪೊಲೀಸ್ ಪೇದೆಗೆ ಅದನ್ನು ಕೊಟ್ಟಾಗ ಆತ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳತೊಡಗಿದ, ಅಷ್ಟರಲ್ಲಿ ಔಷಧ ಮುಗಿದುಹೋಯಿತು. ಆತನ ಮೂತ್ರದಿಂದಲೂ ಔಷಧವನ್ನು ಮರಳಿ ಬೇರ್ಪಡಿಸಿ ಕೊಟ್ಟರು. ಅದೂ ಸಾಲದೆ ಆತ ತೀರಿಕೊಂಡ. ಔಷಧ ಯಾವುದೆಂದು ಗೊತ್ತಿತ್ತು, ಬೇಕಾದಷ್ಟು ತಯಾರಿಸುವುದು ಹೇಗೆಂದು ಗೊತ್ತಿರಲಿಲ್ಲ. ಆ ಮೇಲೆ ಅಮೆರಿಕದ ಪಿಯೋರಿಯಾದಲ್ಲಿ ಮೆಕ್ಕೆಜೋಳ ನೆನೆಸಿದ ರಸವನ್ನು ಉಣಿಸಿ, ಹಾಳಾದ ಕರಬೂಜದ ಮೇಲೆ ಸಿಕ್ಕ ಹೆಚ್ಚು ಇಳುವರಿಯ ಬೂಷ್ಟನ್ನು ಆರಿಸಿ, ಆಳವಾದ ತೊಟ್ಟಿಗಳಲ್ಲಿ ಗಾಳಿ ಊದಿ ಬೆಳೆಸುವುದನ್ನು ಕಲಿತ ನಂತರವೇ ಅದು ಯುದ್ಧದ ಗಾಯಾಳುಗಳಿಗೆ ಒದಗಿತು. ನಮ್ಮ ದೇಶದಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಸರಕಾರಿ ಕಾರ್ಖಾನೆ ಸ್ಥಾಪನೆಯಾದದ್ದು 1954ರಲ್ಲಿ.

ಅಳತೆಯ ವಿದ್ಯೆ ನಮ್ಮ ಪರಂಪರೆಗೆ ಪರಕೀಯವೇ? ಖಂಡಿತ ಅಲ್ಲ. ಮದ್ರಸಾದಲ್ಲಿ ಫರಾಇಝ್ ಓದಿದ ಯಾವ ವಿದ್ಯಾರ್ಥಿಯೂ ವಾರಸುಪಾಲಿನ ಆರನೇ ಒಂದು, ಎಂಟನೇ ಒಂದುಗಳ ಭಿನ್ನರಾಶಿಗಳೊಡನೆ ಗುದ್ದಾಡದೆ ಪಾರಾಗಿಲ್ಲ. ಬೀಜಗಣಿತಕ್ಕೆ ಹೆಸರು ಕೊಟ್ಟ ಅಲ್ ಖ್ವಾರಿಝ್ಮಿಯವರ ಗ್ರಂಥದ ದೊಡ್ಡ ಭಾಗವೊಂದು ಉಯಿಲು ಮತ್ತು ವಾರಸು ಹಂಚಿಕೆಯ ಲೆಕ್ಕಗಳಿಗೇ ಮೀಸಲು. ಅದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದದ್ದು ತಹಾರತ್ ಅಧ್ಯಾಯ. ಭಟ್ಕಳದಿಂದ ಮಂಗಳೂರಿನವರೆಗಿನ ಕರಾವಳಿಯ ಶಾಫಿಈ ಮನೆಗಳಲ್ಲಿ ಮಕ್ಕಳೂ ‘ಖುಲ್ಲತೈನ್’ ಎಂಬ ಪದವನ್ನು ಬಲ್ಲರು. ಸುಮಾರು 200 ಲೀಟರ್ ಎನ್ನಬಹುದಾದ ಆ ಮಿತಿಗಿಂತ ಕಡಿಮೆ ನೀರಿಗೆ ಮಾಲಿನ್ಯ ತಗುಲಿದರೆ ಅದು ಅಶುದ್ಧ. ಅದಕ್ಕೆ ಮೇಲ್ಪಟ್ಟರೆ ಬಣ್ಣ, ರುಚಿ, ವಾಸನೆ ಬದಲಾದಾಗ ಮಾತ್ರ ಅಶುದ್ಧ. ಹಳೆ ಮೈಸೂರು ಮತ್ತು ಬಯಲುಸೀಮೆಯ ಹನಫೀ ಮಸೀದಿಗಳಲ್ಲಿ ಹೌಝ್ ಕಟ್ಟುವಾಗ ಹತ್ತು ಮೊಳ ಉದ್ದ, ಹತ್ತು ಮೊಳ ಅಗಲದ ಲೆಕ್ಕವನ್ನು ಹಿಡಿಯುತ್ತಾರೆ. ಎಷ್ಟು ನೀರಿಗೆ ಎಷ್ಟು ಮಾಲಿನ್ಯವೆಂದು ನಮ್ಮ ಫಕೀಹರು ಸೂಕ್ಷ್ಮದರ್ಶಕ ಹುಟ್ಟುವ ಎಷ್ಟೋ ಶತಮಾನಗಳ ಮೊದಲೇ ಯೋಚಿಸಿದ್ದರು. ಇಂದು ಕುಡಿಯುವ ನೀರಿನ ಭಾರತೀಯ ಮಾನದಂಡವು 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಪತ್ತೆಯಾಗಲೇಬಾರದೆನ್ನುತ್ತದೆ. ಇವೆರಡೂ ಒಂದೇ ಎಂದಾಗಲೀ, ಆಧುನಿಕ ವಿಜ್ಞಾನವೆಲ್ಲ ನಮ್ಮ ಕಿತಾಬುಗಳಲ್ಲೇ ಇತ್ತೆಂದಾಗಲೀ ಹೇಳುವ ಉತ್ಸಾಹ ನಮಗಿಲ್ಲ. ಅಂತಹ ಭಾಷಣಗಳು ನಮ್ಮ ವೇದಿಕೆಗಳಲ್ಲಿ ಅಗತ್ಯಕ್ಕಿಂತ ಹೆಚ್ಚೇ ಆಗಿವೆ. ಒಂದು ಆರಾಧನೆಯ ಶುದ್ಧಿಯ ನಿಯಮ, ಇನ್ನೊಂದು ಆರೋಗ್ಯದ ನಿಯಮ. ಎರಡಕ್ಕೂ ಪ್ರಮಾಣದ ಪ್ರಜ್ಞೆ ಬೇಕು ಎಂಬಷ್ಟೇ ನಮ್ಮ ಮಾತು.

ವಿನೆಗರ್‌ನ ಪ್ರಶ್ನೆಗೆ ಬಂದರೆ ಇದು ಮತ್ತಷ್ಟು ಸ್ಪಷ್ಟವಾಗುತ್ತದೆ. ಮದ್ಯವು ತಾನಾಗಿಯೇ ಹುಳಿಯಾಗಿ ವಿನೆಗರ್ ಆದರೆ ಅದು ಹಲಾಲ್ ಎಂಬುದರಲ್ಲಿ ವಿದ್ವಾಂಸರು ಒಮ್ಮತದಲ್ಲಿದ್ದಾರೆ. ಏನನ್ನಾದರೂ ಬೆರೆಸಿ ಉದ್ದೇಶಪೂರ್ವಕವಾಗಿ ಹುಳಿಯಾಗಿಸಿದರೆ ಹನಫಿಗಳು ಒಪ್ಪುತ್ತಾರೆ, ಶಾಫಿಈಗಳು ಒಪ್ಪುವುದಿಲ್ಲ. ಈ ಚರ್ಚೆಯ ಕೇಂದ್ರದಲ್ಲಿರುವ ಪದ ‘ಇಸ್ತಿಹಾಲಾ’, ಅಂದರೆ ಒಂದು ವಸ್ತುವು ತನ್ನ ಸ್ವರೂಪವನ್ನೇ ಕಳೆದುಕೊಂಡು ಬೇರೊಂದಾಗುವುದು. ತೊಟ್ಟಿಯಲ್ಲಿ ನಡೆಯುವುದೇನೆಂದರೆ, ಅಸಿಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು 46 ಗ್ರಾಂ ಮದ್ಯಸಾರವನ್ನು 32 ಗ್ರಾಂ ಆಮ್ಲಜನಕದೊಡನೆ ಸೇರಿಸಿ 60 ಗ್ರಾಂ ಅಸಿಟಿಕ್ ಆಮ್ಲವನ್ನೂ 18 ಗ್ರಾಂ ನೀರನ್ನೂ ಮಾಡುತ್ತವೆ. ಎಡಬಲಗಳ ತೂಕ ಸಮ, ತಕ್ಕಡಿಯ ಲೆಕ್ಕ. ಗಾಳಿ ಸಾಲದಿದ್ದರೆ ಒಂದಿಷ್ಟು ಮದ್ಯಸಾರ ಹಾಗೆಯೇ ಉಳಿಯುತ್ತದೆ. ಎಷ್ಟು ಉಳಿದಿದೆ ಎಂಬುದನ್ನು ಅಳೆದೇ ಹೇಳಬೇಕು. ಹಣ್ಣಾದ ಬಾಳೆಯಲ್ಲೂ ಬ್ರೆಡ್‌ನಲ್ಲೂ ಅತ್ಯಲ್ಪ ಪ್ರಮಾಣದ ಮದ್ಯಸಾರ ಇರುತ್ತದೆಂಬುದು ಅಳೆದವರಿಗೆ ಗೊತ್ತು, ಅಳೆಯದವರಿಗೆ ಅದು ಗಾಬರಿ ಹುಟ್ಟಿಸುವ ಸುದ್ದಿ.

ಚೀಸ್ ವಿಷಯದಲ್ಲೂ ಹೀಗೆಯೇ. ಹಾಲು ಗಟ್ಟಿಯಾಗಿಸಲು ಹಿಂದೆ ಕರುವಿನ ಜಠರದಿಂದ ತೆಗೆದ ರೆನ್ನೆಟ್ ಬಳಸುತ್ತಿದ್ದರು, ಅದರ ವಿಧಿಯನ್ನು ನಮ್ಮ ಹಳೆಯ ಫಿಕ್ಹ್ ಗ್ರಂಥಗಳು ದೀರ್ಘವಾಗಿ ಚರ್ಚಿಸಿವೆ. 1990ರಲ್ಲಿ ಸೂಕ್ಷ್ಮಾಣುಗಳಿಂದ ತಯಾರಾದ ಅದೇ ಕಿಣ್ವಕ್ಕೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಬೂಷ್ಟುಗಳಿಂದ ನೇರವಾಗಿ ದೊರೆಯುವ ಬೇರೆ ಬಗೆಯ ಕಿಣ್ವಗಳೂ ಇವೆ. ಒಂದರಲ್ಲಿ ಕರುವಿನ ವಂಶವಾಹಿಯ ಪ್ರತಿ ಸೂಕ್ಷ್ಮಾಣುವಿನೊಳಗಿದೆ, ಇನ್ನೊಂದರಲ್ಲಿ ಪ್ರಾಣಿಯ ಸುಳಿವೇ ಇಲ್ಲ. ಈ ವ್ಯತ್ಯಾಸ ತಿಳಿಯದೆ ತೀರ್ಪು ಹೇಳುವುದು ಹೇಗೆ? ಯಾವ ವಸ್ತುವಿನ ಕುರಿತು ಹುಕ್ಮ್ ಹೇಳಬೇಕೋ ಆ ವಸ್ತುವನ್ನು ಬಲ್ಲ ‘ಅಹ್ಲುಲ್ ಖಿಬ್ರಾ’ ಅಂದರೆ ಅನುಭವಸ್ಥ ಪರಿಣತರ ಮಾತನ್ನು ಮುಫ್ತಿಯು ಕೇಳಬೇಕೆಂಬುದು ನಮ್ಮಲ್ಲಿ ಒಪ್ಪಿತ ಕ್ರಮ. ಇಂದು ಕರ್ನಾಟಕದ ಒಂದು ಸಣ್ಣ ಪಟ್ಟಣದ ಮುಫ್ತಿಯವರು ಇಂತಹ ಪ್ರಶ್ನೆ ಬಂದಾಗ ಯಾರಿಗೆ ಫೋನ್ ಮಾಡಬೇಕು? ತಮ್ಮ ಜಮಾಅತಿನ ವೈದ್ಯರಿಗೋ? ವೈದ್ಯರು ರೋಗವನ್ನು ಬಲ್ಲರು, ಹುದುಗುತೊಟ್ಟಿಯನ್ನು ಬಲ್ಲವರಲ್ಲ. ಪ್ರತಿ ಊರಲ್ಲಿ ಹತ್ತು ವೈದ್ಯರಿರಲಿ ಎಂದು ಬಯಸುವ ನಾವು ಒಂದು ಜಿಲ್ಲೆಗೆ ಇಂತಹ ಒಬ್ಬರಾದರೂ ಇರಲಿ ಎಂದು ಏಕೆ ಬಯಸಬಾರದು?

ಹೆತ್ತವರು ಒಂದು ಶಂಕೆಯನ್ನು ಮುಂದಿಡುತ್ತಾರೆ. ಈ ವಿಷಯ ಓದಿದರೆ ಮದ್ಯದ ತಯಾರಿಕೆಯನ್ನೂ ಓದಬೇಕಲ್ಲವೇ? ಹೌದು, ಓದಬೇಕು. 180 ಗ್ರಾಂ ಗ್ಲೂಕೋಸ್‌ನಿಂದ ಯೀಸ್ಟ್ ಹೆಚ್ಚೆಂದರೆ 92 ಗ್ರಾಂ ಮದ್ಯಸಾರವನ್ನೂ 88 ಗ್ರಾಂ ಇಂಗಾಲದ ಡೈಆಕ್ಸೈಡನ್ನೂ ಕೊಡಬಲ್ಲದೆಂಬ ಲೆಕ್ಕ ಎಲ್ಲ ಪಠ್ಯಗಳಲ್ಲೂ ಬರುತ್ತದೆ. ಪ್ರಯೋಗಶಾಲೆಯ ಮೇಜನ್ನು ಒರೆಸುವುದೂ ಮದ್ಯಸಾರದಿಂದಲೇ. ತಿಳಿಯುವುದು ಬೇರೆ, ಕುಡಿಯುವುದು, ಕುಡಿಸುವುದು ಬೇರೆ. ಆದರೆ ಬಿಯರ್ ಕಾರ್ಖಾನೆಗಳೂ ಡಿಸ್ಟಿಲರಿಗಳೂ ಈ ಪದವೀಧರರನ್ನು ಕೆಲಸಕ್ಕೆ ಕರೆಯುತ್ತವೆ ಎಂಬುದನ್ನು ಮುಚ್ಚಿಡಬಾರದು. ಅಲ್ಲಿ ನಮ್ಮ ಮಕ್ಕಳು ಬೇಡ ಎನ್ನಬೇಕಾಗುತ್ತದೆ. ಆ ಬೇಡವನ್ನು ಓದಿಗೆ ಸೇರುವ ಮೊದಲೇ ಮನೆಯಲ್ಲಿ ಕುಳಿತು ಮಾತನಾಡಿಕೊಳ್ಳುವುದು ಒಳ್ಳೆಯದು. ಔಷಧ, ಲಸಿಕೆ, ಕಿಣ್ವ, ಆಹಾರ, ಜೈವಿಕ ಗೊಬ್ಬರ, ತ್ಯಾಜ್ಯನೀರಿನ ಶುದ್ಧೀಕರಣ, ಇಷ್ಟು ಬಾಗಿಲುಗಳು ತೆರೆದಿರುವಾಗ ಒಂದನ್ನು ಮುಚ್ಚಿದರೆ ಓದು ವ್ಯರ್ಥವಾಗದು.

ಉದ್ಯೋಗದ ಬಗ್ಗೆ ಸಿಹಿಮಾತು ಹೇಳುವುದು ಸುಲಭ, ಆದರೆ ಅದು ಮೋಸ. ಮೂರು ವರ್ಷದ ಬಿ.ಎಸ್ಸಿ. ಜೈವಿಕ ತಂತ್ರಜ್ಞಾನ ಮುಗಿಸಿ, ಗಣಿತವನ್ನೂ ಸಂಖ್ಯಾಶಾಸ್ತ್ರವನ್ನೂ ಮುಟ್ಟದೆ ಹೊರಬಂದವರು ಕಡಿಮೆ ಸಂಬಳದ ಕೆಲಸಕ್ಕೂ ಅಲೆಯುವುದನ್ನು ನಾವು ಕಂಡಿದ್ದೇವೆ. ಮಗ್ಗಿಯಂತೆ ಕಂಠಪಾಠ ಮಾಡಿದ ಜೀವಶಾಸ್ತ್ರಕ್ಕೆ ಕಾರ್ಖಾನೆಯಲ್ಲಿ ಬೆಲೆ ಕಡಿಮೆ. ಸ್ನಾತಕೋತ್ತರ ಓದಿಲ್ಲದೆ ಈ ಕ್ಷೇತ್ರದಲ್ಲಿ ನೆಲೆ ಸಿಗುವುದು ಕಷ್ಟ. ಅದಕ್ಕೆ ರಾಷ್ಟ್ರಮಟ್ಟದ ಗ್ಯಾಟ್-ಬಿ ಮತ್ತು ಐಐಟಿಗಳ ಜಾಮ್ ಪರೀಕ್ಷೆಗಳಿವೆ. ಎರಡರಲ್ಲೂ ಲೆಕ್ಕ ಬಿಡಿಸಲು ಬಾರದವರು ಹಿಂದೆ ಬೀಳುತ್ತಾರೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವು ಪಡೆದ ಕೋರ್ಸುಗಳಲ್ಲಿ ವಿದ್ಯಾರ್ಥಿವೇತನವೂ ಸಿಗುತ್ತದೆ. ಬಡ ಕುಟುಂಬಗಳಿಗೆ ಇದು ಸಣ್ಣ ಸಂಗತಿಯಲ್ಲ. ದೂರ ಹೋಗಲೇಬೇಕೆಂದೂ ಇಲ್ಲ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಕೃಷಿ ವಿಶ್ವವಿದ್ಯಾನಿಲಯವೂ ಇವೆ, ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇದೆ, ಧಾರವಾಡ, ಕಲಬುರಗಿ, ಮಂಗಳೂರಿನ ವಿಶ್ವವಿದ್ಯಾನಿಲಯಗಳಲ್ಲೂ ಜೀವವಿಜ್ಞಾನದ ವಿಭಾಗಗಳಿವೆ. ಮಗಳನ್ನು ಹಾಸ್ಟೆಲಿಗೆ ಕಳುಹಿಸಲು ಅಂಜುವವರು ವೈದ್ಯಕೀಯ ಸೀಟಾದರೆ ರಷ್ಯಾಕ್ಕೂ ಕಳುಹಿಸುತ್ತಾರೆ ಎಂಬುದನ್ನು ಮಾತ್ರ ನೆನಪಿಸಬಯಸುತ್ತೇವೆ.

ಹತ್ತನೆಯ ತರಗತಿ ಮುಗಿಸಿದ ಮಗುವಿಗೆ ಜೀವಶಾಸ್ತ್ರದಲ್ಲಿ ಒಲವಿದ್ದರೆ ಪಿಯುಸಿಯಲ್ಲಿ ಗಣಿತವನ್ನೂ ಜೊತೆಗಿಡಿ. ಈಗಾಗಲೇ ಬಿಟ್ಟವರು ಪದವಿಯ ಮೊದಲ ವರ್ಷದಲ್ಲೇ ಕಲನಶಾಸ್ತ್ರದ ಆರಂಭಿಕ ಪಾಠಗಳನ್ನೂ ಲಾಗರಿದಮ್ಮನ್ನೂ ಸಂಖ್ಯಾಶಾಸ್ತ್ರವನ್ನೂ ಹೊರಗಿನಿಂದಾದರೂ ಕಲಿತುಕೊಳ್ಳಬಹುದು, ಅದು ಅಸಾಧ್ಯವಲ್ಲ. ಒಲವು ಇದೆಯೋ ಇಲ್ಲವೋ ಎಂದು ತಿಳಿಯಲು ದುಬಾರಿ ತರಬೇತಿ ಕೇಂದ್ರಗಳ ‘ಆಪ್ಟಿಟ್ಯೂಡ್’ ಪರೀಕ್ಷೆ ಬೇಕಾಗಿಲ್ಲ. ಇಡ್ಲಿಯ ಹಿಟ್ಟು ಸಾಕು. ರುಬ್ಬಿದ ಹಿಟ್ಟನ್ನು ಗೆರೆ ಗುರುತಿಸಿದ ಎರಡು ಗಾಜಿನ ಲೋಟಗಳಲ್ಲಿ ಅರ್ಧದಷ್ಟು ತುಂಬಿಸಿ, ಒಂದನ್ನು ಒಲೆಯ ಬದಿಯ ಬೆಚ್ಚನೆಯ ಮೂಲೆಯಲ್ಲೂ ಇನ್ನೊಂದನ್ನು ತಣ್ಣನೆಯ ಕಿಟಕಿಯ ಬಳಿಯಲ್ಲೂ ಇಡಿ. ಲ್ಯುಕೊನೊಸ್ಟಾಕ್ ಮುಂತಾದ ಬ್ಯಾಕ್ಟೀರಿಯಾಗಳು ಅನಿಲ ಹೊರಬಿಟ್ಟಂತೆ ಹಿಟ್ಟು ಉಬ್ಬುತ್ತದೆ. ಮಗು ಗಂಟೆಗೊಮ್ಮೆ ಎತ್ತರವನ್ನೂ ಉಷ್ಣಾಂಶವನ್ನೂ ಬರೆದುಕೊಂಡು ಮರುದಿನ ಗ್ರಾಫ್ ಹಾಳೆಯಲ್ಲಿ ಎರಡು ಗೆರೆಗಳನ್ನು ಎಳೆಯಲಿ. ಆರಂಭದಲ್ಲಿ ಗೆರೆ ಏಕೆ ಮಲಗಿದೆ, ನಡುವೆ ಏಕೆ ಕಡಿದಾಗಿದೆ, ಕೊನೆಗೆ ಏಕೆ ನಿಂತಿದೆ, ತಣ್ಣಗಿನ ಲೋಟ ಎಷ್ಟು ಗಂಟೆ ಹಿಂದೆ ಬಿದ್ದಿದೆ ಎಂದು ಅದು ತಾನಾಗಿ ಕೇಳತೊಡಗಿದರೆ ಕಾಲೇಜಿನ ಅರ್ಜಿ ತುಂಬುವಾಗ ಆ ಹಾಳೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಕೇಳದಿದ್ದರೆ ಬೆಳಗ್ಗೆ ಇಡ್ಲಿಯಂತೂ ಸಿದ್ಧವಿರುತ್ತದೆ.